ಮಾಸ್ಕ್ ಹಾಕಿದರೆ ಹಾಲು ಕುಡಿಯದ ಮರಿ

ಆಸ್ಪತ್ರೆಯ ಕ್ಷಯರೋಗ ವಿಭಾಗದ ಹೊರಗೆ, ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಮೃಗಾಲಯದ ಸಮವಸ್ತ್ರ ತೊಟ್ಟ ಒಬ್ಬ ಕುಳಿತಿದ್ದ. ಅವನ ಆಚೆ ಹೆಂಡತಿ. ಎರಡು ದಿನದ ಹಿಂದೆ ಪರೀಕ್ಷೆಗೆಂದು ಸೂಜಿ ಚುಚ್ಚಿದ ಮುಂಗೈಯನ್ನು ಅವನು ಮತ್ತೆ ಮತ್ತೆ ಬೆಳಕಿಗೆ ಹಿಡಿಯುತ್ತಿದ್ದ; ಚುಚ್ಚಿದಲ್ಲಿ ಉಬ್ಬಿದರೆ ಸೋಂಕು ತಗುಲಿರಬಹುದು ಎಂದರ್ಥ.

“ಉಬ್ಬಿದೆ ಅನ್ಸುತ್ತಾ?”

“ಮುಟ್ಟಿ ಮುಟ್ಟಿ ನೀವೇ ಉಬ್ಬಿಸ್ತಿದ್ದೀರಿ. ಆ ಫಾರಂ ಕೊಡಿ ಇಲ್ಲಿ.”

“ಎಲ್ಲಾ ತುಂಬಿದ್ದೀನಿ ಕಣೇ.”

“ಪ್ರಾಣಿ ಹತ್ತಿರ ಮಾಸ್ಕ್ ತೆಗೆದಿದ್ದೀರಾ ಅಂತ ಕೇಳಿದ್ರೆ ‘ಇಲ್ಲ’ ಅಂತ ಬರ್ದಿದ್ದೀರಲ್ರೀ!”

“ಮೆಲ್ಲಗೆ ಮಾತಾಡು.”

“ಮುಖ ಕಾಣದಿದ್ರೆ ಚಿಂಪಾಂಜಿ ಮರಿ ಬಾಟ್ಲಿ ಮುಟ್ಟಲ್ಲ, ಅದಕ್ಕೇ ತೆಗೀತೀನಿ ಅಂತಿದ್ರಿ. ಏನು ಸುರಸುಂದರಾಂಗನ ಮುಖವೋ!”

“ಅದರ ತಾಯಿಗೆ ಕ್ಷಯ ಅಂತ ಆಗ ಯಾರಿಗೆ ಗೊತ್ತಿತ್ತು?”

“ಈಗ ಗೊತ್ತಲ್ಲ. ನಿಜ ಬರೀರಿ.”

“ಬರೆದ್ರೆ ಎರಡು ತಿಂಗಳು ಬಿಟ್ಟು ಇನ್ನೊಂದು ಪರೀಕ್ಷೆ. ಅಲ್ಲೀವರೆಗೆ ಮರಿ ಹತ್ರ ಬಿಡಲ್ಲ. ಬೇರೆಯವರ ಕೈಲಿ ಅದು ಒಂದು ಗುಟುಕೂ ಕುಡಿಯಲ್ಲ.”

“ನಮ್ಮನೇಲೂ ಒಂದಿದೆ, ಆರು ತಿಂಗಳದ್ದು. ನಿನ್ನೆಯೆಲ್ಲಾ ಎತ್ಕೊಂಡಿದ್ರಿ.”

“ನಂಗೆ ಕೆಮ್ಮೇ ಇಲ್ವಲ್ಲೇ.”

“ಬರೀದೆ ಹೋದ್ರೆ ನಮ್ಮ ಕೂಸಿನ ಹತ್ರ ನಾನು ಬಿಡಲ್ಲ.”

ನರ್ಸ್ ಬಾಗಿಲು ತೆರೆದು, “ಮೃಗಾಲಯದವರು ಬನ್ನಿ” ಎಂದರು. ಅವನು ಎದ್ದು ಎರಡು ಹೆಜ್ಜೆ ಇಟ್ಟವನು ನನ್ನ ಕಡೆ ತಿರುಗಿದ.

“ಸಾರ್, ಸ್ವಲ್ಪ ಪೆನ್ ಕೊಡ್ತೀರಾ?”

ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ‘ಇಲ್ಲ’ವನ್ನು ಹೊಡೆದುಹಾಕಿದ. ಮೇಲೆ ‘ದಿನಾಲೂ’ ಎಂದು ಬರೆದ. ಇಬ್ಬರೂ ಒಳಗೆ ಹೋದರು, ನನ್ನ ಪೆನ್ನಿನ ಸಮೇತ.