ಅನಧಿಕೃತ ಅಂದಾನಪ್ಪ

ಇಳಕಲ್ಲಿನ ಹಿರಿಯರೇ, ಹುನಗುಂದದಿಂದ, ಬಾದಾಮಿಯಿಂದ ಬಸ್ಸು ಹಿಡಿದು ಈ ಶ್ರದ್ಧಾಂಜಲಿ ಸಭೆಗೆ ಬಂದವರೇ, ಮುಂದಿನ ಸಾಲಿನಲ್ಲಿರುವ ಅಂದಾನಪ್ಪನವರ ತಾಯಿ ದುರ್ಗವ್ವನವರೇ, ಪತ್ನಿ ರಾಜಶ್ರೀಯವರೇ — ಎಲ್ಲರಿಗೂ ನಮಸ್ಕಾರ.

ಅಂದಾನಪ್ಪನವರ ಕಂಪ್ಯೂಟರ್ ಕೇಂದ್ರದಲ್ಲಿ ಅವರ ಜೊತೆ ಕೆಲಸ ಮಾಡಿದವನು ನಾನು. ಅವರು ಅಜಾತಶತ್ರು ಎಂದು ಈಗಷ್ಟೇ ಒಬ್ಬರು ಹೇಳಿದರು. ಕ್ಷಮಿಸಿ — ಅವರು ಜಗಳಗಂಟರು. ಆ ಜಗಳ ಯಾತಕ್ಕೆ ಎಂದು ಹೇಳಲಿಕ್ಕೇ ನಿಂತಿದ್ದೇನೆ.

ಲಿನಕ್ಸ್ ಹಾಕಿದ ಕಂಪ್ಯೂಟರಿಗೆ ಬೇಕಾದ ತಂತ್ರಾಂಶಗಳನ್ನು ಪ್ಯಾಕೇಜುಗಳಾಗಿ ಕಟ್ಟಿ, ಪರೀಕ್ಷಿಸಿ ಇಡುವ ಅಧಿಕೃತ ಭಂಡಾರವೊಂದು ಇರುತ್ತದೆ. ಎರಡು ಸಾವಿರದ ಎರಡರಲ್ಲಿ ಅದರಲ್ಲಿ ಜಗತ್ತೇ ಇತ್ತು — ಕನ್ನಡವನ್ನು ಸರಿಯಾಗಿ ಮೂಡಿಸುವ ಪ್ಯಾಕೇಜ್ ಇರಲಿಲ್ಲ. ಅಕ್ಷರ ಒಂದು ಕಡೆ, ಒತ್ತು ಒಂದು ಕಡೆ. ಅಕ್ಷರ ಮೂಡಿಸುವ ಪ್ಯಾಕೇಜನ್ನು ಅಂದಾನಪ್ಪ ತಿದ್ದಿ ಭಂಡಾರಕ್ಕೆ ಕಳಿಸಿದರು. ಬಳಸುವವರು ಕಡಿಮೆ, ಸೇರಿಸಲಾಗದು ಎಂದು ಉತ್ತರ ಬಂತು.

“ಕಡಿಮಿ ಅಂದ್ರ ಎಷ್ಟಂತ? ಒಂದ್ ಸಲ ಹುನಗುಂದ ಸಂತಿಗಿ ಬಂದ್ ನೋಡ್ಲಿ,” ಎಂದು ಪರದೆಗೆ ಕೈ ತೋರಿಸಿ — ಹೀಗೆ — ಬೈದರು. ಅಂದಿನಿಂದ ತಮ್ಮದೇ ಪ್ಯಾಕೇಜು ಕಟ್ಟಿ, ಡಿಸ್ಕಿನಲ್ಲಿ ಹಂಚತೊಡಗಿದರು. ಫೋನಿನ ತಂತಿಯಲ್ಲಿ ಇಂಟರ್‌ನೆಟ್ ತೆವಳುತ್ತಿದ್ದ ಕಾಲ. ಸೀರೆಯ ಪೆಟ್ಟಿಗೆಯಲ್ಲಿ ಡಿಸ್ಕು ಇಟ್ಟು ಬಾದಾಮಿ ಬಸ್ಸಿನ ಕಂಡಕ್ಟರ್ ಕನಕಪ್ಪನ ಕೈಗೆ ಕೊಡುತ್ತಿದ್ದರು.

“ಏನ್ಲೇ ಅಂದಾನಿ, ಸೀರಿ ಭಾಳ ಹಗುರ ಅದಾವಲ್ಲ?”

“ಅಕ್ಷರ ಅದಾವೋ ಮಾವಾ. ಅವಕ್ಕ ತೂಕ ಇರೂದಿಲ್ಲ.”

ತಪ್ಪು ಮಾಡಲಿಲ್ಲವೇ? ಮಾಡಿದರು. ತಮ್ಮ ಪ್ಯಾಕೇಜಿಗೆ ಭಂಡಾರದ ಆ ಪ್ಯಾಕೇಜಿನ ಹೆಸರನ್ನೇ ಇಟ್ಟು, ಆವೃತ್ತಿಯ ಸಂಖ್ಯೆಯನ್ನು ಅವರಿಗಿಂತ ಬಹಳ ಮೇಲಕ್ಕೇರಿಸಿದರು — ಅವರದು ಬಂದು ನಮ್ಮದನ್ನು ತಳ್ಳದಿರಲಿ ಎಂದು. ಮುಂದೆ ಭಂಡಾರದವರು ಒಂದು ದೋಷ ತಿದ್ದಿದಾಗ, ನಮ್ಮ ಯಂತ್ರಗಳು ಆ ತಿದ್ದುಪಡಿಯನ್ನು ಹಳೆಯದೆಂದು ತಿಳಿದು ಒಳಗೇ ಬಿಡಲಿಲ್ಲ. ಹುನಗುಂದದ ಕೋರ್ಟಿನ ಎದುರು ಅರ್ಜಿ ಟೈಪ್ ಮಾಡುವ ರಂಜಾನಬಿಯವರ ಕಂಪ್ಯೂಟರ್ ಆ ದೋಷದಿಂದಾಗಿ ಕಕ್ಷಿದಾರರ ಮುಂದೆಯೇ ನಿಂತುಬಿಟ್ಟಿತು. ಅವರು ನೆಟ್ಟಗೆ ಇಲ್ಲಿಗೆ ಬಂದರು.

“ಅಣ್ಣಾ, ಜಗಳ ನಿಂದು, ಅವರ್ದು. ನನ್ನ ಮಷೀನಿಗಿ ಯಾಕ ಉಪವಾಸ ಕೆಡವಿದಿ?”

ಅಂದಾನಪ್ಪ ವಾದಿಸಲಿಲ್ಲ. ಇಳಕಲ್ಲಿನವರಿಗೆ ನಾನು ಹೇಳಬೇಕಿಲ್ಲ — ಸೀರೆಯ ಮೈಯ ಹಾಸಿನ ಎಳೆಗಳೇ ಬೇರೆ, ಸೆರಗಿನವೇ ಬೇರೆ. ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತೇವೆ. ನೇಕಾರರ ಮನೆಯ ಅಂದಾನಪ್ಪ ಎಲ್ಲ ಪ್ಯಾಕೇಜುಗಳನ್ನೂ ಹಾಗೆಯೇ ಮತ್ತೆ ಕಟ್ಟಿದರು. ಬೇರೆ ಹೆಸರು, ಬೇರೆ ಜಾಗ. ಭಂಡಾರದ ಒಂದು ಕಡತವನ್ನೂ ಮುಟ್ಟಲಿಲ್ಲ. “ಮೈ ಅವರ್ದು, ಸೆರಗ ನಮ್ದು. ಅವರ ಎಳಿ ಒಂದೂ ಕಡಿಯೂದಿಲ್ಲ,” ಎಂದರು. ಆಮೇಲೆ ರಂಜಾನಬಿಯವರ ಕಂಪ್ಯೂಟರ್ ನಮ್ಮಿಂದಾಗಿ ನಿಂತದ್ದಿಲ್ಲ.

ಮೊನ್ನೆ — ಇನ್ನೂ ದಿನಕರ್ಮ ಮುಗಿದಿರಲಿಲ್ಲ — ಶಾಲೆ, ವಾಚನಾಲಯಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕಚೇರಿಯಿಂದ ಒಬ್ಬರು ಮನೆಗೆ ಬಂದರು. ಹೆಸರು ಹೇಳುವುದಿಲ್ಲ, ಈ ಸಭೆಯಲ್ಲೂ ಇದ್ದಾರೆ, ಬಂದದ್ದಕ್ಕೆ ಕೃತಜ್ಞತೆಗಳು.

“ಮಾಡಿದಾತನ ಹೋದಮ್ಯಾಲೆ, ಕೆಟ್ರ ಯಾರನ್ನ ಕೇಳೋಣ್ರಿ? ಸೋಮವಾರ ಸಾಲಿಗೋಳಿಗಿ ಬಂದು ಅನಧಿಕೃತ ಇದ್ದದ್ದೆಲ್ಲಾ ಅಳಸ್ತೇವಿ.”

ರಾಜಶ್ರೀ ಹೇಳಿದರು: “ನನ್ನ ಕೇಳ್ರಿ. ಅವರು ಕಟ್ಟಿದ್ದನ್ನ ಹಾಕಿ, ಕೆಡಿಸಿ, ನೋಡಾಕಿ ನಾನ ಇದ್ದೆ. ನಾ ಹೂಂ ಅನ್ನದ ಒಂದ್ ಡಿಸ್ಕೂ ಈ ಬಾಗಲಾ ದಾಟಿಲ್ಲ.”

“ನಿಮ್ಮನ್ನ ಯಾರ್ ನೇಮಿಸ್ಯಾರವ್ವಾ?”

“ಯಾರ ಅಕ್ಷರ ನಿಮ್ಮ ಭಂಡಾರದಾಗ ಇರ್ಲಿಲ್ಲೋ, ಅವರು.”

ಅಳಿಸಲು ಹೊರಟ ಇದೇ ಕಚೇರಿ ತನ್ನ ಕನ್ನಡ ಸುತ್ತೋಲೆ ಮುದ್ರಿಸಲು ಈ ಡಿಸ್ಕನ್ನೇ ಕೇಳಿ ಒಯ್ದಿತ್ತು. ಅವರು ಮರೆತಿರಬಹುದು. ನಾನು ಮರೆತಿಲ್ಲ. ಆಗ ನಮ್ಮ ಕೆಲಸ ಅಧಿಕೃತವೋ ಅಲ್ಲವೋ ಎಂದು ಯಾರೂ ಕೇಳಲಿಲ್ಲ.

ಸೋಮವಾರ ಅಳಿಸಲಿ. ಮಂಗಳವಾರ ಅದೇ ಶಾಲೆಗಳಿಗೆ ನಾವು ಹೋಗುತ್ತೇವೆ, ಮೇಷ್ಟರನ್ನು ಕೇಳಿಯೇ ಮತ್ತೆ ಹಾಕುತ್ತೇವೆ. ರಾಜಶ್ರೀಯವರು ಕಟ್ಟಿದ ಹೊಸ ಡಿಸ್ಕುಗಳು ಬಾಗಿಲ ಬಳಿ ಇವೆ; ಹೋಗುವಾಗ ಒಯ್ಯಿರಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ ಮಾತು ಬೇಡ — ಅಂದಾನಪ್ಪನವರಿಗಾಗಿ. ಈ ಮೌನ ಅವರೊಬ್ಬರದು. ಸೋಮವಾರ ಬರುವವರಿಗೆ ಇದರಲ್ಲಿ ಪಾಲಿಲ್ಲ.