ಬಾಗಿಲಲ್ಲಿ ನಿಂತ ಹುಡುಗಿ

ಹಿಂದೆ ಕೂತವರಿಗೆ ಕೇಳಿಸುತ್ತಿದೆಯೇ? ತಾಯಂದಿರು ಮಾತು ನಿಲ್ಲಿಸಿದರೆ ಕೇಳಿಸುತ್ತದೆ. ಗಂಡಸರು ತೂಕಡಿಕೆ ನಿಲ್ಲಿಸಿದರೆ ಅರ್ಥವೂ ಆಗುತ್ತದೆ.

ಒಂದೂರಿನಲ್ಲಿ ಒಬ್ಬ ಸಾಹುಕಾರ ಇದ್ದ ಎಂದು ನಾನು ಬಾಯಿ ತೆರೆದರೆ ಸಾಕು, ನೀವು ಆಗಲೇ ತಲೆ ಅಲ್ಲಾಡಿಸುತ್ತೀರಿ. ಅವನು ಜಿಪುಣ, ಕೊನೆಗೆ ಬುದ್ಧಿ ಬರುತ್ತದೆ, ನಾವು ಪ್ರಸಾದ ತೆಗೆದುಕೊಂಡು ಮನೆಗೆ ಹೋಗಬಹುದು ಎಂದು. ಇಲ್ಲ. ಈ ಸಾಹುಕಾರ ಒಳ್ಳೆಯವನೇ. ನೇಕಾರರ ಊರು, ಸೀರೆಯ ವ್ಯಾಪಾರ. ಅವನು ಅಂಗಡಿಯ ಗಾದಿಯ ಮೇಲೆ ಆರಾಮಾಗಿ ಕೂತಿರಲಿ. ಇವತ್ತಿನ ಕಥೆ ಅವನ ಹೆಂಡತಿಯದು.

ಅವಳಿಗೆ ಹೆಸರು ಇಡುವುದಿಲ್ಲ. ಇಟ್ಟರೆ ನಿಮ್ಮಲ್ಲಿ ಯಾರಾದರೂ, ಇದು ನಮ್ಮ ಓಣಿಯ ಇಂಥವರ ಕಥೆಯೇ ಎಂದು ಪಕ್ಕದವರನ್ನು ತಿವಿಯುತ್ತೀರಿ. ಸಾಹುಕಾರ್ತಿ ಎನ್ನೋಣ, ಸಾಕು. ಓದಿದ ಹೆಂಗಸು. ಕೈಗೊಂದು ಆಳು, ಕಾಲಿಗೊಂದು ಆಳು. ಹೊತ್ತು ಹೋಗದೆ ಕೂತವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಸೊಸೆಯ ಅಡುಗೆಯಲ್ಲಿ ಉಪ್ಪು ಹುಡುಕುತ್ತಾರೆ. ಈಕೆ ಹಾಗೆ ಮಾಡಲಿಲ್ಲ. ಭಾನುವಾರ ಬೆಳಿಗ್ಗೆ ತನ್ನ ಅಟ್ಟದ ಕೋಣೆಯ ಬಾಗಿಲು ತೆಗೆದು, ಹೈಸ್ಕೂಲಿಗೆ ಹೋಗುವ ನೇಕಾರರ ಹೆಣ್ಣುಮಕ್ಕಳನ್ನು ಕರೆದಳು. ಕೈಗೆ ಹಾಳೆ ಕೊಟ್ಟಳು, ಪೆನ್ನು ಕೊಟ್ಟಳು, ಒಗ್ಗರಣೆ ಅವಲಕ್ಕಿ ಕೊಟ್ಟಳು. ಕಥೆ ಬರೆಯಿರಿ ಎಂದಳು.

ಹುಡುಗಿಯರು ಮೊದಲು ಅವಲಕ್ಕಿ ತಿಂದರು. ಆಮೇಲೆ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದನ್ನೇ ಬರೆದರು. ಪರಿಸರ ಮಾಲಿನ್ಯ, ಸಮಯದ ಮಹತ್ವ, ನನ್ನ ನೆಚ್ಚಿನ ಪ್ರಾಣಿ ಹಸು. ಸಾಹುಕಾರ್ತಿ ನಕ್ಕಳು, ಬೈಯಲಿಲ್ಲ. ನಿಮ್ಮನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲದ್ದನ್ನು ಬರೆಯಿರಿ ಎಂದಳು. ನೋಡಿ, ಎಂಥ ಮಾತು! ಆ ಮಕ್ಕಳಿಗೆ ಅಂಥ ಮಾತನ್ನು ಹುಟ್ಟಿದಾಗಿನಿಂದ ಯಾರೂ ಹೇಳಿರಲಿಲ್ಲ. ಒಬ್ಬಳು ತನ್ನ ಕುಂಟ ಮೇಕೆಯನ್ನು ಬರೆದಳು. ಒಬ್ಬಳು ಕನ್ನಡಿ ನೋಡಿಕೊಂಡಾಗ ಮೊಡವೆಯ ಜೊತೆ ಆಡಿದ ಜಗಳವನ್ನು ಬರೆದಳು. ಅಟ್ಟದ ತುಂಬ ನಗು, ಅಟ್ಟದ ತುಂಬ ಮಾತು. ಸಾಹುಕಾರ್ತಿಗೆ ತನ್ನ ಹೊಟ್ಟೆಯಲ್ಲಿ ಹುಟ್ಟದ ಹೆಣ್ಣುಮಕ್ಕಳೆಲ್ಲ ಒಮ್ಮೆಲೇ ಮನೆಗೆ ಬಂದ ಹಾಗಾಯಿತು.

ಈಗ ಅವಳ ತಪ್ಪಿಗೆ ಬರೋಣ. ತಪ್ಪಿಲ್ಲದಿದ್ದರೆ ಅದು ದೃಷ್ಟಾಂತವಾಗುವುದಿಲ್ಲ, ಸನ್ಮಾನಪತ್ರವಾಗುತ್ತದೆ.

ಅವಳ ತವರಿನಲ್ಲಿ ಸಂಜೆ ಪುರಾಣ ಓದುವ ರೂಢಿ ಇತ್ತು. ಆ ಓದಿಗೆ ಒಂದು ಕಟ್ಟಳೆ. ದುಃಖದ ಭಾಗದಲ್ಲಿ ಪುಸ್ತಕ ಮುಚ್ಚುವ ಹಾಗಿಲ್ಲ. ರಾಜ ಕಾಡಿಗೆ ಹೋದ ಎಂಬಲ್ಲಿ ನಿಲ್ಲಿಸಿದರೆ ಮನೆಗೆ ಒಳ್ಳೆಯದಲ್ಲ. ನಿದ್ದೆ ಬಂದರೂ ಸರಿ, ಇನ್ನಷ್ಟು ಓದಿ, ರಾಜ ಊರಿಗೆ ಮರಳಿದ ಮೇಲೆ ಮಂಗಳ ಹಾಡಿಯೇ ಮುಚ್ಚಬೇಕು. ನಿಮ್ಮ ಮನೆಗಳಲ್ಲೂ ಉಂಟಲ್ಲವೇ? ನಮ್ಮ ಮಠದಲ್ಲೂ ಉಂಟು. ಒಳ್ಳೆಯ ರೂಢಿಯೇ. ಆದರೆ ಆ ರೂಢಿ ಸಾಹುಕಾರ್ತಿಯ ಕೈಗೆ ಇಳಿದುಬಿಟ್ಟಿತ್ತು. ಹುಡುಗಿಯರು ಬರೆದದ್ದನ್ನು ತಿದ್ದುವಾಗ ಎಲ್ಲದಕ್ಕೂ ಕೊನೆಗೊಂದು ಮಂಗಳ ಸೇರಿಸುತ್ತಿದ್ದಳು. ಕುಂಟ ಮೇಕೆಗೆ ಕಾಲು ನೆಟ್ಟಗಾಯಿತು. ಮೊಡವೆ ಮಾಯವಾಯಿತು. ಹುಡುಗಿಯರು, ಅಕ್ಕಾರು ತಿದ್ದಿದ್ದಾರೆ ಎಂದ ಮೇಲೆ ಸರಿಯಾಗೇ ಇರುತ್ತದೆ ಎಂದು ಸುಮ್ಮನಿದ್ದರು.

ಅವರಲ್ಲಿ ದಾನೇಶ್ವರಿ ಎಂಬ ಹುಡುಗಿ ಇದ್ದಳು. ಇವಳಿಗೆ ಮಾತ್ರ ಹೆಸರು ಇಡುತ್ತೇನೆ, ಏಕೆಂದರೆ ಇವಳನ್ನು ಹೆಸರು ಹಿಡಿದು ಕೇಳಿದವರೇ ಕಡಿಮೆ. ಹತ್ತನೆಯ ತರಗತಿ, ಓದಿನಲ್ಲಿ ಚುರುಕು, ಮಾತು ಕಡಿಮೆ. ಅವಳು ಒಂದು ಕಥೆ ಬರೆದಳು. ಒಬ್ಬ ಹುಡುಗಿಗೆ ಸೋದರಮಾವ ಹೊಸ ಸೀರೆ ತಂದಿದ್ದಾನೆ. ಮನೆಯವರು ಅವಳ ಶಾಲೆಯ ಚೀಲವನ್ನು ಗೂಟಕ್ಕೆ ತೂಗುಹಾಕಿದ್ದಾರೆ. ಹುಡುಗಿ ಸೀರೆ ಉಟ್ಟಳು. ಗೂಟದ ಚೀಲವನ್ನೂ ತೆಗೆದು ಹೆಗಲಿಗೆ ಹಾಕಿಕೊಂಡಳು. ಬಾಗಿಲಿಗೆ ಬಂದು ನಿಂತಳು. ಅಷ್ಟೇ. ಕಥೆ ಅಲ್ಲಿಗೆ ನಿಂತಿತ್ತು.

ಸಾಹುಕಾರ್ತಿ ಓದಿ ಬಲು ಸಂತೋಷಪಟ್ಟಳು. ಎಲ್ಲ ಚೆಂದ, ಬಾಲ ಒಂದಿಲ್ಲ ಎಂದುಕೊಂಡಳು. ಬಾಲ ಹಚ್ಚಿದಳು: “ಹಿರಿಯರ ಮಾತು ಮೀರದ ಆ ಹುಡುಗಿ ಚೀಲವನ್ನು ಕೆಳಗಿಟ್ಟು, ನಗುನಗುತ್ತ ಹಸೆಮಣೆ ಏರಿದಳು. ಎಲ್ಲರೂ ಸುಖವಾಗಿ ಬಾಳಿದರು.” ಅಂದವಾದ ಅಕ್ಷರದಲ್ಲಿ ಬರೆದುಕೊಟ್ಟು, ಬರುವ ಅಮಾವಾಸ್ಯೆಗೆ ಇದನ್ನೇ ಓದು ಎಂದಳು. ಆ ಊರಿನಲ್ಲಿ ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಅವತ್ತು ತಾಯಂದಿರನ್ನೆಲ್ಲ ಹೋಳಿಗೆ ಊಟಕ್ಕೆ ಕರೆದು, ಮಕ್ಕಳ ಕಥೆ ಕೇಳಿಸುವುದೆಂದು ಗೊತ್ತುಮಾಡಿದ್ದಳು.

ಮುಂದಿನ ಭಾನುವಾರ ದಾನೇಶ್ವರಿ ಬರಲಿಲ್ಲ.

ಸಾಹುಕಾರ್ತಿ ತಾನೇ ನೇಕಾರರ ಓಣಿಗೆ ಹೋದಳು. ತಾಯಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ಮಗಳು ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಯಾಕೆ ಬರಲಿಲ್ಲ ಎಂದು ಕೇಳಿದರೆ ಹುಡುಗಿ ತಾಯಿಯ ಮುಖ ನೋಡಿ, ಕೆಲಸ ಇತ್ತು ಎಂದಳು. ತಾಯಿ ಉಪಚಾರ ಮಾಡಿ, ಗಿರಣಿಯಿಂದ ಜೋಳದ ಹಿಟ್ಟು ತರಬೇಕು ಎಂದು ಮಗಳನ್ನು ಎಬ್ಬಿಸಿದಳು. ಸಾಹುಕಾರ್ತಿಯೂ ಹಿಂದೆಯೇ ಎದ್ದಳು. ರೇಷ್ಮೆ ಸೀರೆಯ ಹೆಂಗಸು ಹಿಟ್ಟಿನ ಗಿರಣಿಯಲ್ಲಿ ಪಾಳಿಗೆ ನಿಂತದ್ದನ್ನು ಓಣಿಯೆಲ್ಲ ಬಾಯಿ ಬಿಟ್ಟುಕೊಂಡು ನೋಡಿತು. ಆದರೆ ಗಿರಣಿಯ ಸದ್ದಿನಲ್ಲಿ ಕಿವಿಗೆ ಬಾಯಿ ಹಚ್ಚದಿದ್ದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಹುಡುಗಿಗೆ ಅದೇ ಧೈರ್ಯ ಕೊಟ್ಟಿತು.

“ಅಕ್ಕಾರ, ನೀವು ಬರೆದದ್ದು ಚಲೋ ಐತ್ರಿ,” ಎಂದಳು. “ಆದ್ರ ಅದನ್ನ ನಮ್ಮ ಮನ್ಯಾಗ ದಿನಾ ಹೇಳ್ತಾರ್ರಿ. ನಾ ಅಕೀನ್ನ ಬಾಗಲದಾಗ ನಿಂದರಿಸಿದ್ದೆ. ಮುಂದೇನಾತು ಅಂತ ಯಾರರ ಕೇಳ್ತಾರೇನೋ ಅಂತ. ನೀವು ಕೇಳಲಿಲ್ರಿ. ನೀವ ಮುಗಿಸಿಬಿಟ್ರಿ.”

ಆಮೇಲೆ ಒಂದೊಂದಾಗಿ ಹೊರಬಿತ್ತು. ಇವಳು ತೊಟ್ಟಿಲಲ್ಲಿದ್ದಾಗಲೇ ತಾಯಿ ತನ್ನ ತಮ್ಮನಿಗೆ ಮಾತು ಕೊಟ್ಟಿದ್ದಾಳೆ. ಪರೀಕ್ಷೆ ಮುಗಿದ ಕೂಡಲೇ ನಿಶ್ಚಯ. ಮುಂದೆ ಕಾಲೇಜಿನ ಮಾತಿಲ್ಲ. ಹುಡುಗಿಗೆ ಓದಬೇಕು. ಬಾಯಿ ಬಿಟ್ಟು ಹೇಳಿದರೆ ಅವ್ವನಿಗೆ ತವರು ತಪ್ಪುತ್ತದೆ. ನಾಗರ ಪಂಚಮಿ ಹಬ್ಬಕ್ಕೆ ಅವ್ವನನ್ನು ತವರಿಗೆ ಕರೆಯಲು ಬರುವವನು ಆ ತಮ್ಮ ಒಬ್ಬನೇ.

ಸಾಹುಕಾರ್ತಿಗೆ ತನ್ನ ತಪ್ಪು ಆಗ ಕಂಡಿತು. ನಾನು ಅಕ್ಷರ ತಿದ್ದುತ್ತಿದ್ದೇನೆ ಎಂದುಕೊಂಡಿದ್ದೆ, ಈ ಕೂಸಿನ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದೆನಲ್ಲ ಎಂದು ಅವಳಿಗೆ ಅನಿಸಿತು. ಗಿರಣಿಯಲ್ಲೇ ಕಣ್ಣೊರೆಸಿಕೊಂಡಳು. ಹಿಟ್ಟು ಬಿತ್ತು ಎಂದು ಸುಳ್ಳು ಹೇಳಿದಳು.

ಅವತ್ತು ಸಾಹುಕಾರನಿಗೆ ವಿಷಯ ತಿಳಿಸಿದರೆ ಅವನು, ಅವರ ಮನೆಯ ಒಲೆಗೆ ನೀನು ಕೈ ಹಾಕಬೇಡ, ಸುಟ್ಟುಕೊಳ್ಳುತ್ತೀ ಎಂದ. ಮಾತು ಸುಳ್ಳಲ್ಲ. ಹುಡುಗಿ ತನ್ನ ಕಥೆಯನ್ನೇ ಓದಿ, ತಾಯಿ ಎಲ್ಲರೆದುರು ಅವಮಾನವಾಯಿತೆಂದು ಎದ್ದು ಹೋದರೆ? ನಿಶ್ಚಯವನ್ನು ನಾಳೆಯೇ ಮಾಡಿಬಿಟ್ಟರೆ? ಓಣಿಯ ಒಂದು ಹೆಣ್ಣುಮಗುವೂ ಮತ್ತೆ ಅಟ್ಟ ಹತ್ತದಿದ್ದರೆ? ಸಾಹುಕಾರ್ತಿ ಹೆದರಿದಳು. ಹೆದರಿದರೂ ಒಂದು ಕೆಲಸ ಮಾಡಿದಳು. ಎಲ್ಲರ ಕಥೆಗೂ ತಾನು ಹಚ್ಚಿದ ಬಾಲ ಕಿತ್ತುಹಾಕಿದಳು. ದಾನೇಶ್ವರಿಗೆ ಅವಳೇ ಬರೆದ ಹಾಳೆಯನ್ನು ಮರಳಿ ಕೊಟ್ಟು, ಓದುವುದೂ ಬಿಡುವುದೂ ನಿನ್ನ ಇಷ್ಟ ಎಂದಳು.

ಅಮಾವಾಸ್ಯೆ ಬಂತು. ಹೋಳಿಗೆ ಉಂಡು ತಾಯಂದಿರು ಗೋಡೆಗೆ ಒರಗಿದರು. ಸಾಹುಕಾರ್ತಿ ಕೈಮುಗಿದು ಒಂದು ಮಾತು ಬೇಡಿಕೊಂಡಳು. ಮಕ್ಕಳು ಓದಿದ ಮೇಲೆ ಶಭಾಷ್ ಎನ್ನಬೇಡಿ, ಬುದ್ಧಿಯನ್ನೂ ಹೇಳಬೇಡಿ, ಬೇಕಾದರೆ ಮುಂದೇನಾಯಿತು ಎಂದು ಮಾತ್ರ ಕೇಳಿ ಎಂದಳು. ಕುಂಟ ಮೇಕೆ ಕುಂಟುತ್ತಲೇ ಬಂದು ಎಲ್ಲರನ್ನೂ ನಗಿಸಿತು. ಮೊಡವೆಯೂ ಬಂತು. ಆಮೇಲೆ ದಾನೇಶ್ವರಿ ಎದ್ದಳು. ಸೀರೆ, ಗೂಟ, ಚೀಲ. ಬಾಗಿಲಲ್ಲಿ ನಿಂತಳು ಎಂದು ಓದಿ, ತಲೆ ತಗ್ಗಿಸಿ ನಿಂತಳು.

ಸಾಹುಕಾರ್ತಿಯ ನಾಲಿಗೆಯ ತುದಿಗೆ ಮಂಗಳ ಬಂದಿತ್ತು. ಏನಾದರೂ ಹೇಳಿ ಮುಗಿಸಿಬಿಡಲೇ ಎನಿಸಿತು. ತುಟಿ ಕಚ್ಚಿ ಕೂತಳು. ನೋಡಿ, ಅವಳು ಆ ಮಕ್ಕಳಿಗೆ ಮಾಡಿದ ಉಪಕಾರದಲ್ಲೆಲ್ಲ ದೊಡ್ಡದು ಇದೇ. ಸುಮ್ಮನೆ ಕೂತಳು.

ಕೊನೆಗೆ ಮಾತಾಡಿದವಳು ಹುಡುಗಿಯ ತಾಯಿ.

“ಆ ಹುಡುಗಿ ಅವ್ವನ್ನ ಕೇಳಿದ್ಲೇನು?”

“ಇಲ್ಲವ್ವ.”

“ಯಾಕ?”

“ಅವ್ವ ಮಾತು ಕೊಟ್ಟಾಳ. ಕೇಳಿದ್ರ ಅವ್ವಗ ತವರು ಇಲ್ದಂಗ ಆಕ್ಕೈತಿ. ಅದಕ್ಕ ಅಲ್ಲೇ ನಿಂತಾಳ.”

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿಕೊಂಡು ಮೆಲ್ಲಗೆ ಹೇಳಿದಳು:

“ಅಕಿಗೆ ಹೇಳು. ಸಾಲಿಗೆ ಹೊತ್ತಾತು, ನಡಿ ಅಂತ ಹೇಳು. ತವರಿನ ಚಿಂತಿ ಅವ್ವ ಮಾಡ್ತಾಳ.”

ಹುಡುಗಿ ಹಾಳೆ ಕೆಳಗೆ ಹಾಕಿ ತಾಯಿಯ ಮಡಿಲಿಗೆ ಬಿದ್ದು ಅತ್ತಳು. ಗೋಡೆಗೆ ಒರಗಿದ ತಾಯಂದಿರೆಲ್ಲ ಅತ್ತರು. ಅಲ್ಲಿ ಎಷ್ಟು ಜನ ತಾವೂ ಹಿಂದೊಮ್ಮೆ ಬಾಗಿಲಲ್ಲಿ ನಿಂತವರೋ, ಯಾರಿಗೆ ಗೊತ್ತು?

ಆಮೇಲೆ ಎಲ್ಲ ಸುಖವಾಯಿತೇ ಎಂದು ಕೇಳುತ್ತೀರಿ. ಸುಳ್ಳು ಯಾಕೆ ಹೇಳಲಿ? ತಮ್ಮ ಮುನಿದ. ಆ ವರ್ಷದ ಪಂಚಮಿಗೆ ಅಕ್ಕನನ್ನು ಕರೆಯಲು ಬರಲಿಲ್ಲ. ಅವಳು ಮಗ್ಗದಲ್ಲಿ ಕೂತು ಅಳುತ್ತಲೇ ಲಾಳಿ ಎಸೆದಳು. ಮಗಳು ಕಾಲೇಜಿಗೆ ಹೋದಳು. ಮರುವರ್ಷ ತಮ್ಮ ಬೇರೆ ಕಡೆ ಮದುವೆಯಾಗಿ, ಹೆಂಡತಿಯ ಕೈಯಲ್ಲಿ ಪಂಚಮಿಯ ಸಿಹಿ ಉಂಡಿಯ ಡಬ್ಬಿ ಹೊರಿಸಿಕೊಂಡು ಬಂದ. ರಕ್ತಸಂಬಂಧ ಎಷ್ಟು ದಿನ ಮುನಿಸಿಕೊಂಡಿರುತ್ತದೆ, ಹೇಳಿ?

ಇನ್ನು ನಿಮ್ಮ ಸರದಿ. ಸಾಹುಕಾರ್ತಿಯನ್ನು ಬಿಡಿ, ನಿಮ್ಮ ಮನೆಗೆ ಬನ್ನಿ. ಮಗಳು ಊಟಕ್ಕೆ ಕೂತಾಗ, ಅವ್ವ, ಇವತ್ತು ಕ್ಲಾಸಿನಲ್ಲಿ ಏನಾಯಿತು ಗೊತ್ತೇ ಎಂದು ಶುರು ಮಾಡುತ್ತಾಳೆ. ಅರ್ಧ ಮಾತಿಗೆ ನೀವೇನು ಹೇಳುತ್ತೀರಿ? ಇರಲಿ ಬಿಡು, ಉಣ್ಣು. ಹಾಗೆಲ್ಲ ಅನ್ನಬಾರದು, ಉಣ್ಣು. ಅಪ್ಪ ಅನ್ನಿಸಿಕೊಂಡವನು ಟಿವಿಯಿಂದ ಕಣ್ಣು ಕೀಳದೆ, ನಾನು ಹೇಳಲಿಲ್ಲವೇ, ಹಾಗೇ ಆಗುತ್ತದೆ ಎನ್ನುತ್ತಾನೆ. ಮುಗಿಯಿತು. ಮಂಗಳ ಹಾಡಿದಿರಿ. ಆಮೇಲೆ ನಮ್ಮ ಮಗಳು ಏನೂ ಹೇಳುವುದಿಲ್ಲ ಎಂದು ನನ್ನ ಹತ್ತಿರ ಬಂದು ವಿಭೂತಿ ಕೇಳುತ್ತೀರಿ. ವಿಭೂತಿ ಏನು ಮಾಡೀತು?

ಹದಿನಾಲ್ಕು ಹದಿನೈದರ ಹುಡುಗಿ ನೇರವಾಗಿ ಹೇಳುವುದಿಲ್ಲ. ಗೆಳತಿಯ ಹೆಸರಿನಲ್ಲಿ ಹೇಳುತ್ತಾಳೆ, ಕನಸು ಎಂದು ಹೇಳುತ್ತಾಳೆ, ಕಥೆ ಎಂದು ಹೇಳುತ್ತಾಳೆ. ಹೇಳಲಿ. ಅರ್ಧಕ್ಕೆ ನಿಂತರೆ ನಿಲ್ಲಲಿ. ನಿಮ್ಮ ಬುದ್ಧಿಮಾತನ್ನು ಎಲೆ ಅಡಿಕೆಯ ಜೊತೆ ಬಾಯೊಳಗೇ ಇಟ್ಟುಕೊಳ್ಳಿ. ಮುಂದೆ? ಎಂದು ಕೇಳಿ. ಅಷ್ಟು ಸಾಕು. ಭಾನುವಾರ ಬೆಳಿಗ್ಗೆ ಈ ಪಡಸಾಲೆ ಖಾಲಿ ಇರುತ್ತದೆ, ಬೆಕ್ಕು ಮಲಗಿರುತ್ತದೆ. ಓದಿದ ತಾಯಂದಿರು ಯಾರಾದರೂ ಬನ್ನಿ, ಊರ ಹೆಣ್ಣುಮಕ್ಕಳನ್ನು ಕರೆದು ಕೂಡಿಸಿ ಬರೆಸಿ. ಹಾಳೆ, ಪೆನ್ನು, ಅವಲಕ್ಕಿ ಮಠದ್ದು.

ಇನ್ನೊಂದು ಮಾತು, ಅದು ಗಂಡಸರಿಗೆ. ಸುಗ್ಗಿಯಾದ ಮೇಲೆ ನೀವು ಮಗಳ ಮದುವೆಗೆ ಮುಹೂರ್ತ ಕೇಳಲು ನನ್ನ ಬಳಿ ಬರುತ್ತೀರಿ. ಹದಿನೆಂಟು ತುಂಬದವಳ ಹೆಸರು ಹಿಡಿದು ಮೆಟ್ಟಿಲು ಹತ್ತಲೇಬೇಡಿ. ತುಂಬಿದ್ದರೆ ಬನ್ನಿ, ಆದರೆ ಮಗಳನ್ನು ಕರೆದುಕೊಂಡು ಬನ್ನಿ. ನಾನು ಪಂಚಾಂಗ ತೆಗೆಯುವ ಮೊದಲು ಅವಳನ್ನು ಕೇಳುತ್ತೇನೆ. ಅವಳು ಉತ್ತರ ಹೇಳುವವರೆಗೆ ನೀವು ಹೊರಗೆ ಕಟ್ಟೆಯ ಮೇಲೆ ಕೂತಿರಬೇಕು.