ಎಲ್ಲಾ ಆರಾಮ್ರಿ ಸರ್

ಲಂಡನ್ನಿನ ಹೇಸ್‌ನಿಂದ ಹೊರಟ ಬಸ್ಸಿನಲ್ಲಿ ನನ್ನ ಎದುರು ಸೀಟಿನಲ್ಲಿ ಧಾರವಾಡದ ಕಡೆಯ ಇಬ್ಬರು ಹುಡುಗಿಯರು ಕುಳಿತಿದ್ದರು. ಪಿಎಚ್‌ಡಿ ಮಾಡುವ ಸೃಷ್ಟಿ ಸೀಟಿನಲ್ಲಿ ಎಷ್ಟು ಮಿಸುಕಾಡುತ್ತಿದ್ದಳೆಂದರೆ ಇಡೀ ಬಸ್ಸೇ ಅಲುಗಾಡುತ್ತಿತ್ತು. ಪಕ್ಕದಲ್ಲಿ ಅವಳ ಅಕ್ಕ ಗುರುದೇವಿ.

“ಇವತ್ತ ಗೈಡ್ ಮುಂದ ಖರೇ ಹೇಳಿಬಿಡು.”

“ಏನಂತ ಹೇಳ್ಲಿ ಅಕ್ಕಾ? ಪಿಎಚ್‌ಡಿಗಂತ ಮನಿಮನಿಗೆ ಹೋಗಿ ಇಪ್ಪತ್ತು ಮಂದೀನ ಮಾತಾಡ್ಸಬೇಕಿತ್ತು. ಭಾಳ ಮಂದಿ ಬಾಗಲಾನ ತೆಗೀಲಿಲ್ಲ. ಆರು ತಿಂಗಳಾತು, ಬರೇ ಮೂರ ಮಂದಿ ಆಗ್ಯಾರ.”

“ತ್ರಾಸ ಏನರ ಐತೇನು ಅಂತ ಅವರು ಪ್ರತಿ ತಿಂಗಳಾ ಕೇಳ್ತಿದ್ರಲ್ಲ?”

“ಗುರುಗಳ ಮುಂದ ತ್ರಾಸ ಐತಿ ಅಂತ ಹೆಂಗ ಅನ್ನೂದು? ಎಲ್ಲಾ ಆರಾಮ್ರಿ ಸರ್ ಅಂದೆ. ಅವರೂ ಹಂಗ ಬರಕೊಂಡ್ರು. ಮುಂದಿನ ವಾರ ಯುನಿವರ್ಸಿಟಿ ಕಮಿಟಿಯವರು ಎಲ್ಲಾ ತೋರ್ಸು ಅಂತಾರ. ಪಿಎಚ್‌ಡಿಯಿಂದ ತೆಗೆದುಹಾಕಿದ್ರ ವೀಸಾನೂ ಹೋಗ್ತೈತಿ!”

“ಅದಕ್ಕ ಇವತ್ತ ಹೇಳು. ಹಿಂಗ ತ್ರಾಸ ಇದ್ದವರಿಗೆ ಸಹಾಯ ಮಾಡಾಕಂತ ಅಲ್ಲೇ ಒಂದು ಆಫೀಸ ಐತಂತಲ್ಲ. ತಗೋ, ಈಗ ನಾನ ಗೈಡ್ ಅಂತ ತಿಳಕೋ. ತ್ರಾಸ ಏನರ ಐತೇನು ಸೃಷ್ಟಿ?”

“ಏನಿಲ್ರಿ ಸರ್.”

“ಹುಚ್ಚಿ!”

ಅವರ ಸ್ಟಾಪ್ ಬಂತು. ಎದ್ದ ಸೃಷ್ಟಿ ತೂರಾಡಿ ನನ್ನ ತೊಡೆಯ ಮೇಲೆಯೇ ಬಿದ್ದಳು. ನನ್ನ ಎಲುಬು ನೂರೆಂಟು ಚೂರಾಯಿತು.

“ಮೆಲ್ಲಕ, ನಮ್ಮವ್ವಾ. ನಮ್ಮ ಮನಿಯವ್ರು ಬದುಕಿದ್ದಾಗೂ ಹಿಂಗ ಮೈಮ್ಯಾಲೆ ಬಿದ್ದಿರಲಿಲ್ಲ. ಆರಾಮ ಅದೀಯಿಲ್ಲೊ?”

“ಆರಾಮ್ರಿ ಅಜ್ಜಿ.”

ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

“ಇಲ್ರಿ ಅಜ್ಜಿ. ಆರಾಮಿಲ್ಲ. ಭಾಳ ಅಂಜಿಕಿ ಬಂದೈತಿ.”

ಅಕ್ಕ ಅವಳ ಕೈ ಹಿಡಿದು ಇಳಿಸಿದಳು. ಬಾಗಿಲು ಮುಚ್ಚಿತು. ಗಾಜಿನಾಚೆ ಅವಳ ತುಟಿ ‘ಆರಾಮಿಲ್ರಿ ಸರ್’ ಎಂಬುದನ್ನೇ ಇನ್ನೂ ಬಾಯಿಪಾಠ ಮಾಡುತ್ತಿತ್ತು.